ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಎಲ್ಲಿ ಬರೆದಿದೆ?

(ಧಾರವಾಡದ ಪದವಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಓದುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು. ರೆಕಾರ್ಡಿಂಗ್ ಕೇಳಿಕೊಂಡು, ನನ್ನ ಟಿಪ್ಪಣಿ ನೋಡಿಕೊಂಡು ಬರೆದಿದ್ದೇನೆ.)

ನನ್ನ ಬಲಗೈಯಲ್ಲಿ ಒಂದು ಮೆಣಸಿನಕಾಯಿ ಇದೆ, ಎಡಗೈಯಲ್ಲಿ ಇನ್ನೊಂದು. ಹಿಂದಿನ ಸಾಲಿನವರಿಗೂ ಕಾಣಿಸುತ್ತಿದೆಯಾ? ಬಲಗೈಯಲ್ಲಿ ಇರುವುದು ಉದ್ದ, ಮೈಯೆಲ್ಲ ಸುಕ್ಕು, ಬಣ್ಣ ಕಡುಕೆಂಪು. ಹೆಸರು ನಾನು ಹೇಳಬೇಕಾಗಿಲ್ಲ. ಬ್ಯಾಡಗಿ, ಅದರಲ್ಲೂ ಕಡ್ಡಿ. ಎಡಗೈಯಲ್ಲಿ ಇರುವುದು ನುಣುಪು ಮೈಯ ಗುಂಟೂರು ಕಾಯಿ. ಇದರ ಒಂದು ಚೂರು ನಾಲಿಗೆ ಮೇಲೆ ಇಟ್ಟುಕೊಂಡರೆ ನೀವು ಇವತ್ತು ನನ್ನ ಮಾತು ಕೇಳುವುದಿಲ್ಲ, ನೀರು ಹುಡುಕಿಕೊಂಡು ಹೋಗುತ್ತೀರಿ.

ಹೋದ ವಾರ ಬ್ಯಾಡಗಿ ಮಾರ್ಕೆಟ್ಟಿಗೆ ಹೋಗಿದ್ದೆ. ಚೀಲಗಳ ನಡುವೆ ಎರಡು ನಿಮಿಷ ನಿಂತರೆ ಸೀನು ಶುರುವಾಗುತ್ತದೆ. ಅಲ್ಲಿ ಒಬ್ಬ ವ್ಯಾಪಾರಿ ಒಂದು ಕಾಯಿ ಮುರಿದು ಅಂಗೈಗೆ ತಿಕ್ಕಿ ತೋರಿಸಿದರು. ಅಂಗೈ ಕುಂಕುಮ ಹಚ್ಚಿದ ಹಾಗೆ ಆಯಿತು. "ಖಾರ ಬೇಕಂದ್ರ ಗುಂಟೂರ ತಗೊಳ್ರೀ, ಬಣ್ಣ ಬೇಕಂದ್ರ ನಮ್ಮ ಕಡೆ ಬರ್ರೀ" ಅಂದರು. ಹಾವೇರಿ ಜಿಲ್ಲೆಯ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಇದರಿಂದ ತೆಗೆಯುವ ಕೆಂಪು ಎಣ್ಣೆ ಇದೆಯಲ್ಲ, ಓಲಿಯೋರೆಸಿನ್ ಅಂತ ಕರೆಯುತ್ತಾರೆ, ಅದು ಅಡುಗೆ ಪದಾರ್ಥಕ್ಕೂ ಹೋಗುತ್ತದೆ, ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ, ಉಗುರು ಬಣ್ಣಕ್ಕೂ ಹೋಗುತ್ತದೆ.

ಆ ವ್ಯಾಪಾರಿಯ ಒಂದು ಮಾತಿನಲ್ಲಿ ಎರಡು ಅಣು ಇವೆ. ಖಾರ ಅಂದರೆ ಕ್ಯಾಪ್ಸೈಸಿನ್. ಬಣ್ಣ ಅಂದರೆ ಮುಖ್ಯವಾಗಿ ಕ್ಯಾಪ್ಸಾಂಥಿನ್. ಇವುಗಳ ರಚನೆಯನ್ನು ನೀವು ಬೋರ್ಡಿನ ಮೇಲೆ ಬರೆಯಬಲ್ಲಿರಿ, ನನಗೆ ಗೊತ್ತು. ಆದರೆ ಒಂದೇ ಜಾತಿಯ ಗಿಡ, ಒಂದೇ ಬಿಸಿಲು, ಹೆಚ್ಚುಕಡಿಮೆ ಒಂದೇ ಗೊಬ್ಬರ. ಹಾಗಿದ್ದರೂ ಒಂದು ಬಣ್ಣಕ್ಕೆ ಹೆಸರಾಯಿತು, ಇನ್ನೊಂದು ಖಾರಕ್ಕೆ ಹೆಸರಾಯಿತು. ಯಾಕೆ? ಇದಕ್ಕೆ ಉತ್ತರ ಫ್ಲಾಸ್ಕಿನಲ್ಲಿ ಸಿಗುವುದಿಲ್ಲ.

ನಮ್ಮ ರಸಾಯನಶಾಸ್ತ್ರ ಇನ್ನೂರು ವರ್ಷ ಒಂದೇ ದಾರಿಯಲ್ಲಿ ನಡೆದು ಬಂದಿದೆ. ಗಿಡ ತರುವುದು, ಒಣಗಿಸುವುದು, ಪುಡಿ ಮಾಡುವುದು, ಆಲ್ಕೋಹಾಲಿನಲ್ಲಿ ನೆನೆಸುವುದು, ಸೋಸುವುದು, ಕಾಲಮ್ಮಿಗೆ ಹಾಕಿ ಬಣ್ಣ ಬಣ್ಣವಾಗಿ ಇಳಿಯುವುದನ್ನು ಕಾಯುವುದು, ಕೊನೆಗೆ ಒಂದು ಚಿಟಿಕೆ ಹರಳು ಉಳಿದರೆ ಅದು ಏನು ಅಂತ ತಲೆ ಕೆಡಿಸಿಕೊಳ್ಳುವುದು. ಕ್ಯಾಪ್ಸೈಸಿನ್ನನ್ನು ಶುದ್ಧವಾಗಿ ತೆಗೆದು ಜಾನ್ ಥ್ರೆಶ್ ಅದಕ್ಕೆ ಆ ಹೆಸರಿಟ್ಟಿದ್ದು 1876ರಲ್ಲಿ. ಅದರ ರಚನೆ ಹೆಚ್ಚುಕಡಿಮೆ ಗೊತ್ತಾಗಿದ್ದು 1919ರಲ್ಲಿ. ನಡುವೆ ನಲವತ್ತಮೂರು ವರ್ಷ! ಒಂದು ಅಣುವಿಗೆ. ಆ ತಾಳ್ಮೆಗೆ ನಾನು ಕೈ ಮುಗಿಯುತ್ತೇನೆ.

ಈಗ ದಾರಿ ಉಲ್ಟಾ ಆಗುತ್ತಿದೆ. ಗಿಡದ ಜೀನೋಮ್, ಅಂದರೆ ಅದರ ಡಿಎನ್‌ಎಯಲ್ಲಿ ನಾಲ್ಕೇ ಅಕ್ಷರಗಳಲ್ಲಿ ಬರೆದಿರುವ ಇಡೀ ಪುಸ್ತಕ, ಮೊದಲು ಓದುತ್ತಾರೆ. ಅದರಲ್ಲಿ ಯಾವ ಕಿಣ್ವಗಳ, ಅಂದರೆ ಅಣುಗಳನ್ನು ಕಟ್ಟುವ ಪ್ರೋಟೀನ್‌ಗಳ, ಜೀನ್ ಇವೆ ನೋಡುತ್ತಾರೆ. ಈ ಕಿಣ್ವಗಳು ಇದ್ದರೆ ಇಂಥ ಅಣು ಆಗಬೇಕಲ್ಲ ಅಂತ ಊಹಿಸುತ್ತಾರೆ. ಆಮೇಲೆ ಫ್ಲಾಸ್ಕ್ ತೆಗೆಯುತ್ತಾರೆ. ಇವತ್ತು ನಾನು ಹೇಳುವುದೆಲ್ಲ ಈ ಉಲ್ಟಾ ದಾರಿಯ ಕಥೆ.

ಮೆಣಸಿನಕಾಯಿಯ ಜೀನೋಮ್ 2014ರಲ್ಲಿ ಓದಿ ಮುಗಿಸಿದರು. ಎಷ್ಟು ದೊಡ್ಡದು ಗೊತ್ತಾ? ಸುಮಾರು 350 ಕೋಟಿ ಅಕ್ಷರ. ಮನುಷ್ಯನದ್ದು ಸುಮಾರು 300 ಕೋಟಿ. ನಮಗಿಂತ ಉದ್ದದ ಪುಸ್ತಕ ಈ ಒಣಕಾಯಿಯ ಪ್ರತಿ ಬೀಜದಲ್ಲೂ ಮಡಚಿ ಇಟ್ಟಿದೆ. ಅದರಲ್ಲಿ ಪನ್1 ಅಂತ ಒಂದು ಜೀನ್. ಕ್ಯಾಪ್ಸೈಸಿನ್ ಆಗುವಾಗ ಎರಡು ತುಂಡುಗಳನ್ನು ಕೊನೆಯಲ್ಲಿ ಜೋಡಿಸುವ ಕಿಣ್ವದ ಜೀನ್ ಅದು, 2005ರಲ್ಲೇ ಗೊತ್ತಾಗಿತ್ತು. ನಾವು ಪಲ್ಯ ಮಾಡುವ ದೊಣ್ಣೆ ಮೆಣಸಿನಕಾಯಿಯಲ್ಲಿ ಆ ಜೀನಿನ ಮುಂಭಾಗ, ಸುಮಾರು 2,500 ಅಕ್ಷರ, ಕಿತ್ತುಹೋಗಿದೆ. ಪುಸ್ತಕದ ಒಂದು ಹಾಳೆ ಹರಿದಿದೆ, ಖಾರ ಹೋಯಿತು. ಬಣ್ಣಕ್ಕೂ ಹಾಗೇ ಒಂದು ಕಿಣ್ವ ಇದೆ. ಹಳದಿ ಬಣ್ಣದ ಅಣುವನ್ನು ಹಿಡಿದು ಅದರ ಒಂದು ತುದಿಯ ಉಂಗುರವನ್ನು ಆರು ಕಾರ್ಬನ್ನಿನಿಂದ ಐದಕ್ಕೆ ಇಳಿಸಿಬಿಡುತ್ತದೆ, ಆಗ ಅದು ಕೆಂಪಾಗುತ್ತದೆ. ಈ ಜೀನ್ ಕೆಟ್ಟ ಗಿಡಗಳಲ್ಲಿ ಕಾಯಿ ಹಣ್ಣಾದರೂ ಹಳದಿಯಾಗಿಯೇ ಉಳಿಯಬಹುದು. ಬ್ಯಾಡಗಿಯಲ್ಲಿ ಖಾರ ಪೂರ್ತಿ ಇಲ್ಲ ಅಂತಲ್ಲ, ಇದೆ, ಕಡಿಮೆ ಇದೆ. ಅಲ್ಲಿ ಹಾಳೆ ಹರಿದಿಲ್ಲ. ಎಷ್ಟು ತಯಾರಾಗಬೇಕು, ಯಾವಾಗ ತಯಾರಾಗಬೇಕು ಅನ್ನುವ ಲೆಕ್ಕದ ವಿಷಯ ಅದು, ಹಾಗಾಗಿ ಇನ್ನೂ ಕಷ್ಟದ ವಿಷಯ. ನಿಮ್ಮಲ್ಲಿ ಯಾರಾದರೂ ಹಾವೇರಿ ಕಡೆಯವರು ಇದ್ದರೆ ಈ ಪ್ರಶ್ನೆಯನ್ನು ಮನೆಗೆ ತೆಗೆದುಕೊಂಡು ಹೋಗಿ. ಒಳ್ಳೆಯ ಪಿಎಚ್‌ಡಿ ಇದೆ ಇದರಲ್ಲಿ.

ಸ್ವಲ್ಪ ಹಿಂದೆ ಹೋಗುತ್ತೇನೆ, ಯಾಕೆಂದರೆ ಜೀನೋಮ್ ಅಂದ ಕೂಡಲೇ ಅದು ಬಯಾಲಜಿಯವರ ವಿಷಯ ಅಂತ ನೀವು ಪೆನ್ನು ಕೆಳಗಿಟ್ಟಿದ್ದು ನನಗೆ ಕಾಣಿಸಿತು. ಜೀನೋಮ್ ಓದುವುದನ್ನು ಕಲಿಸಿಕೊಟ್ಟವರೇ ನಮ್ಮವರು. ಫ್ರೆಡ್ರಿಕ್ ಸ್ಯಾಂಗರ್ ಡಿಎನ್‌ಎ ಅಕ್ಷರ ಓದುವ ವಿಧಾನ ಕಂಡುಹಿಡಿದರು, ಅವರಿಗೆ 1958 ಮತ್ತು 1980ರಲ್ಲಿ ಎರಡು ನೊಬೆಲ್ ಬಂತು, ಎರಡೂ ರಸಾಯನಶಾಸ್ತ್ರದ್ದೇ. ಹರಗೋಬಿಂದ್ ಖೊರಾನಾ ಒಂದು ಇಡೀ ಜೀನನ್ನು ಲ್ಯಾಬಿನಲ್ಲಿ ಅಕ್ಷರಕ್ಕೆ ಅಕ್ಷರ ಜೋಡಿಸಿ ಕಟ್ಟಿದರು, ಅವರೂ ಸಾವಯವ ರಸಾಯನಶಾಸ್ತ್ರದವರು. ಇವತ್ತು ಪ್ರಪಂಚದ ತುಂಬ ಓಡುತ್ತಿರುವ ಓದುವ ಯಂತ್ರಗಳಲ್ಲಿ ಬಹಳಷ್ಟರ ಒಳಗೆ ಇರುವ ವಿಧಾನ ಕೇಂಬ್ರಿಜ್‌ನ ಇಬ್ಬರು ರಸಾಯನಶಾಸ್ತ್ರಜ್ಞರದ್ದು, ಚೆನ್ನೈನಲ್ಲಿ ಹುಟ್ಟಿದ ಶಂಕರ್ ಬಾಲಸುಬ್ರಮಣಿಯನ್ ಮತ್ತು ಡೇವಿಡ್ ಕ್ಲೆನರ್‌ಮನ್. ಅವರ ಉಪಾಯ ಕೇಳಿ, ಸರಳ ಇದೆ. ಡಿಎನ್‌ಎಯ ನಾಲ್ಕು ಅಕ್ಷರಗಳಿಗೆ ಬೇರೆಬೇರೆ ಬಣ್ಣದ ಬಾಲ ಕಟ್ಟಿದರು, ಜೊತೆಗೆ ಒಂದು ಬೀಗ ಹಾಕಿದರು. ಒಂದು ಅಕ್ಷರ ಬಂದು ಕೂತರೆ ಬೀಗದ ದೆಸೆಯಿಂದ ಮುಂದಿನದು ಬರುವುದಿಲ್ಲ. ಕ್ಯಾಮೆರಾ ಫೋಟೊ ತೆಗೆಯುತ್ತದೆ, ಯಾವ ಬಣ್ಣ ನೋಡುತ್ತದೆ. ಆಮೇಲೆ ಬಾಲ ಕತ್ತರಿಸಿ ಬೀಗ ತೆಗೆಯುತ್ತಾರೆ. ಮುಂದಿನ ಅಕ್ಷರ. ಹೀಗೆ ಕೋಟಿಗಟ್ಟಲೆ ಎಳೆಗಳಲ್ಲಿ ಒಂದೇ ಸಲಕ್ಕೆ. ಬೀಗ ಹಾಕುವುದು, ತೆಗೆಯುವುದು, ಇದನ್ನೇ ಅಲ್ವಾ ನೀವು ಪ್ರೊಟೆಕ್ಟಿಂಗ್ ಗ್ರೂಪ್ ಅಂತ ಎರಡನೇ ವರ್ಷ ಓದಿದ್ದು?

ಮನುಷ್ಯನ ಜೀನೋಮ್ ಓದುವ ಯೋಜನೆ 1990ರಲ್ಲಿ ಶುರುವಾಗಿ 2003ರಲ್ಲಿ ಮುಗಿಯಿತು. ಹದಿಮೂರು ವರ್ಷ. ಈಗ ಅದೇ ಕೆಲಸ ಕೆಲವೇ ದಿನಗಳದ್ದು, ಖರ್ಚು ಸಾವಿರ ಡಾಲರಿಗಿಂತ ಕಡಿಮೆ. ರಸಾಯನಶಾಸ್ತ್ರ ಬಯಾಲಜಿಗೆ ಕೊಟ್ಟ ಕೈಗಡ ಅದು. ಈಗ ಬಡ್ಡಿ ಸಮೇತ ವಾಪಸ್ ಬರುತ್ತಿದೆ.

ಮಣ್ಣಿನ ವಿಷಯಕ್ಕೆ ಬರುತ್ತೇನೆ. ಬೇಸಿಗೆ ಕೊನೆಗೆ ನವಲಗುಂದದ ಕಡೆ ಎರೆ ಹೊಲ ಬಿರುಕು ಬಿಟ್ಟು ಬಾಯಿ ತೆರೆದಿರುತ್ತದೆ. ಮೊದಲ ಮಳೆ ನಾಲ್ಕು ಹನಿ ಬಿದ್ದ ಕೂಡಲೇ ಒಂದು ವಾಸನೆ ಏಳುತ್ತದಲ್ಲ, ಎದೆ ತುಂಬ ಎಳೆದುಕೊಳ್ಳುತ್ತೇವಲ್ಲ, ಆ ವಾಸನೆಗೆ ಮುಖ್ಯ ಕಾರಣ ಜಿಯೋಸ್ಮಿನ್ ಅನ್ನುವ ಅಣು. 1965ರಲ್ಲಿ ಅದಕ್ಕೆ ಹೆಸರಿಟ್ಟರು. ಅದನ್ನು ಮಾಡುವುದು ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಅನ್ನುವ ಬ್ಯಾಕ್ಟೀರಿಯಾ ಮತ್ತು ಅದರ ಸಂಬಂಧಿಕರು. ಇದೇ ಕುಲದಿಂದ 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಂತು, ಕ್ಷಯರೋಗಕ್ಕೆ ಮೊದಲ ನಿಜವಾದ ಔಷಧ. ಆಮೇಲೆ ಇಪ್ಪತ್ತು ಮೂವತ್ತು ವರ್ಷ ಪ್ರಪಂಚದ ಔಷಧ ಕಂಪನಿಗಳೆಲ್ಲ ಮಣ್ಣು ಕೆದಕಿದವು. ಆಮೇಲೆ ನಿಲ್ಲಿಸಿದವು. ಯಾಕೆಂದರೆ ಹೊಸದು ಸಿಗುತ್ತಿರಲಿಲ್ಲ, ಸಿಕ್ಕಿದ್ದೇ ಮತ್ತೆ ಮತ್ತೆ ಸಿಗುತ್ತಿತ್ತು.

2002ರಲ್ಲಿ ಸ್ಟ್ರೆಪ್ಟೊಮೈಸಿಸ್ ಸೀಲಿಕಲರ್ ಅನ್ನುವ ಒಂದು ಜಾತಿಯ ಜೀನೋಮ್ ಓದಿದರು. ಸುಮಾರು 87 ಲಕ್ಷ ಅಕ್ಷರ, 7,825 ಜೀನ್. ಹತ್ತಾರು ವರ್ಷ ಲ್ಯಾಬಿನಲ್ಲಿ ಸಾಕಿದ ಬ್ಯಾಕ್ಟೀರಿಯಾ ಅದು. ಅದು ಮಾಡುವ ವಿಶೇಷ ಅಣುಗಳು ಬೆರಳೆಣಿಕೆಯಷ್ಟು ಮಾತ್ರ ಗೊತ್ತಿದ್ದವು. ಜೀನೋಮ್ ನೋಡಿದರೆ ಅಂಥ ಅಣುಗಳನ್ನು ಮಾಡುವ ಜೀನ್ ಗುಂಪುಗಳು ಇಪ್ಪತ್ತಕ್ಕೂ ಜಾಸ್ತಿ!

ಗುಂಪು ಅಂದರೆ ಏನು? ನೀವೆಲ್ಲ ಹುಬ್ಬಳ್ಳಿಯಲ್ಲಿ ಖಾನಾವಳಿಗೆ ಹೋಗಿರುತ್ತೀರಿ. ಊಟ ಮಾಡಿ ಕೈ ತೊಳೆಯಲು ಹೋಗುವಾಗ ಅಡುಗೆಮನೆ ಒಳಗೆ ಒಮ್ಮೆ ಇಣುಕಿ ನೋಡಿ. ಒಬ್ಬ ತಾಯಿ ಬಿಸಿನೀರು ಹಾಕಿ ಜೋಳದ ಹಿಟ್ಟು ನಾದುತ್ತಿರುತ್ತಾರೆ. ಪಕ್ಕದವರು ಉಂಡೆ ಮಾಡಿ ಬಡಿಯುತ್ತಾರೆ, ಟಪ ಟಪ ಟಪ. ಮೂರನೆಯವರು ಹೆಂಚಿನ ಮೇಲೆ ಹಾಕಿ ಮೇಲೆ ನೀರು ಸವರುತ್ತಾರೆ. ನಾಲ್ಕನೆಯವರು ಉಬ್ಬಿಸಿ ತೆಗೆದು ಬುಟ್ಟಿಗೆ ಹಾಕುತ್ತಾರೆ. ಎಲ್ಲರೂ ಸಾಲಾಗಿ ಕೂತಿರುತ್ತಾರೆ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ. ಬ್ಯಾಕ್ಟೀರಿಯಾದಲ್ಲಿ ಒಂದು ಅಣು ಮಾಡುವ ಕಿಣ್ವಗಳ ಜೀನ್‌ಗಳೂ ಹೀಗೆ ಡಿಎನ್‌ಎಯಲ್ಲಿ ಅಕ್ಕಪಕ್ಕ ಸಾಲಾಗಿ ಕೂತಿರುತ್ತವೆ. ಈಗ ಯೋಚನೆ ಮಾಡಿ. ರಾತ್ರಿ ಹನ್ನೊಂದಕ್ಕೆ ಹೋದಿರಿ, ಖಾನಾವಳಿ ಮುಚ್ಚಿದೆ, ಒಂದು ರೊಟ್ಟಿಯೂ ಇಲ್ಲ. ಆದರೆ ಕಿಟಕಿಯಿಂದ ನೋಡಿದರೆ ಪರಾತ ಇದೆ, ಬಡಿಯುವ ಕಲ್ಲು ಇದೆ, ಹೆಂಚು ಇದೆ. ಇಲ್ಲಿ ಇಡ್ಲಿ ಮಾಡುವುದಿಲ್ಲ, ರೊಟ್ಟಿ ಮಾಡುತ್ತಾರೆ ಅಂತ ಹೇಳಲು ಬರುತ್ತದೆ ಅಲ್ವಾ? ಜೀನೋಮ್ ಓದಿ ಅಣು ಊಹಿಸುವುದು ಅಂದರೆ ಇದೇ. ಆ ಇಪ್ಪತ್ತು ಚಿಲ್ಲರೆ ಗುಂಪುಗಳಲ್ಲಿ ಬಹಳಷ್ಟು ಮುಚ್ಚಿದ ಅಡುಗೆಮನೆಗಳು. ಲ್ಯಾಬಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾಗೆ ಹೊಟ್ಟೆ ತುಂಬ ಆಹಾರ ಸಿಗುತ್ತದೆ, ಶತ್ರು ಇಲ್ಲ, ಬರ ಇಲ್ಲ, ಹಾಗಾಗಿ ಆ ಒಲೆಗಳನ್ನು ಅದು ಹಚ್ಚುವುದೇ ಇಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಜೀನೋಮಿನಲ್ಲಿ ಅಣುವಿನ ಚಿತ್ರ ಇರುವುದಿಲ್ಲ. ಪಾತ್ರೆ, ಹೆಂಚು, ಕಲ್ಲು ಇರುತ್ತವೆ, ಅಂದರೆ ಕಿಣ್ವಗಳು ಇರುತ್ತವೆ. ಈ ಕಿಣ್ವ ಇಲ್ಲಿ ಒಂದು ಕಾರ್ಬನ್ ಜೋಡಿಸುತ್ತದೆ, ಇದು ಕೀಟೋನನ್ನು ಆಲ್ಕೋಹಾಲ್ ಮಾಡುತ್ತದೆ, ಇದು ಕೊನೆಯಲ್ಲಿ ಉಂಗುರ ಮುಚ್ಚುತ್ತದೆ ಅಂತ ಓದಬೇಕಾದವರು ಯಾರು? ಕ್ರಿಯೆಯ ಹಾದಿ ಗೊತ್ತಿದ್ದವರು. ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಬಾಣ ಎಳೆಯಲು ಬರುವವರು. ನೀವು.

ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಲ್ಯಾಬಿನಲ್ಲಿ ಬೆಳೆಯುವುದೇ ಇಲ್ಲ. ಅದಕ್ಕೆ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಸೀನ್ ಬ್ರೇಡಿ ಅವರ ತಂಡ ಬೆಳೆಸುವ ಗೋಜಿಗೇ ಹೋಗಲಿಲ್ಲ. ಊರೂರಿನ ಜನರಿಂದ ಮಣ್ಣು ತರಿಸಿಕೊಂಡರು, ಮಣ್ಣಿನಿಂದ ನೇರವಾಗಿ ಡಿಎನ್‌ಎ ತೆಗೆದರು, ಅದರಲ್ಲಿ ತಮಗೆ ಬೇಕಾದ ಅಡುಗೆಮನೆ ಹುಡುಕಿದರು. 2018ರಲ್ಲಿ ಹೀಗೆ ಮ್ಯಾಲಸಿಡಿನ್ ಅನ್ನುವ ಹೊಸ ಆ್ಯಂಟಿಬಯಾಟಿಕ್ ಸಿಕ್ಕಿತು. ಎಂಆರ್‌ಎಸ್‌ಎ ಅನ್ನುವ ಮೊಂಡು ಬ್ಯಾಕ್ಟೀರಿಯಾ ಸೋಂಕಿದ ಇಲಿಗಳ ಗಾಯ ಅದರಿಂದ ವಾಸಿಯಾಯಿತು.

ನನಗೆ ಇನ್ನೂ ಇಷ್ಟವಾದದ್ದು ಅದೇ ತಂಡದ 2022ರ ಕೆಲಸ. ಒಂದು ಬ್ಯಾಕ್ಟೀರಿಯಾದ ಜೀನ್ ಗುಂಪನ್ನು ಕಂಪ್ಯೂಟರಿನಲ್ಲಿ ಓದಿದರು. ಈ ಸಾಲು ಕಿಣ್ವಗಳಿಂದ ಇಂಥ ಹನ್ನೆರಡು ಅಮೈನೋ ಆಮ್ಲ ಈ ಕ್ರಮದಲ್ಲಿ ಜೋಡಣೆಯಾಗಬೇಕು ಅಂತ ಲೆಕ್ಕ ಹಾಕಿದರು. ಆಮೇಲೆ ಬ್ಯಾಕ್ಟೀರಿಯಾವನ್ನು ಅಲ್ಲಿಗೇ ಬಿಟ್ಟು, ಆ ಅಣುವನ್ನು ತಾವೇ ಫ್ಲಾಸ್ಕಿನಲ್ಲಿ ಕಟ್ಟಿದರು. ಅಡುಗೆಮನೆ ನೋಡಿಕೊಂಡು ಬಂದು ನಮ್ಮ ಮನೆಯಲ್ಲಿ ರೊಟ್ಟಿ ಮಾಡಿದ ಹಾಗೆ. ಸಿಲಾಜಿಸಿನ್ ಅಂತ ಹೆಸರಿಟ್ಟರು. ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟಲು ಬಳಸುವ ಎರಡು ಅಣುಗಳನ್ನು ಇದು ಒಟ್ಟಿಗೆ ಹಿಡಿದುಕೊಳ್ಳುತ್ತದೆ. ಒಂದರಿಂದ ತಪ್ಪಿಸಿಕೊಂಡರೆ ಇನ್ನೊಂದರಲ್ಲಿ ಸಿಕ್ಕಿಬೀಳುತ್ತದೆ, ಹಾಗಾಗಿ ಲ್ಯಾಬಿನಲ್ಲಿ ಅದಕ್ಕೆ ಪ್ರತಿರೋಧ ಬೆಳೆಯಲಿಲ್ಲ. ಆದರೆ ಇಲಿಗೆ ಕೊಟ್ಟರೆ ಕೆಲಸ ಮಾಡಲಿಲ್ಲ! ನೋಡಿದರೆ ರಕ್ತದ ಪ್ರೋಟೀನ್‌ಗಳು ಅದರ ಕೊಬ್ಬಿನ ಬಾಲವನ್ನು ಹಿಡಿದು ಕೂರಿಸುತ್ತಿದ್ದವು. ರಸಾಯನಶಾಸ್ತ್ರಜ್ಞರು ಬಾಲ ಕತ್ತರಿಸಿ ಅಲ್ಲಿ ಎರಡು ಬೆಂಜೀನ್ ಉಂಗುರ, ಬೈಫಿನೈಲ್, ಹಾಕಿದರು. ಆಗ ಇಲಿಯಲ್ಲೂ ಕೆಲಸ ಮಾಡಿತು. ಜೀನೋಮ್ ಅರ್ಧ ದಾರಿ ಕರೆದುಕೊಂಡು ಹೋಯಿತು, ಉಳಿದರ್ಧ ದಾರಿ ಯಾವ ಜೀನೋಮಿನಲ್ಲೂ ಬರೆದಿರಲಿಲ್ಲ.

ಇದು ಓದುವ ಮಾತಾಯಿತು. ತಿದ್ದಿ ಬರೆಯುವುದೂ ಇದೆ. ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇದ್ದರೆ ಸಿಟಾಗ್ಲಿಪ್ಟಿನ್ ಮಾತ್ರೆ ನೋಡಿರುತ್ತೀರಿ, 2022ರಲ್ಲಿ ಪೇಟೆಂಟ್ ಮುಗಿದ ಮೇಲೆ ನಮ್ಮಲ್ಲಿ ಅಗ್ಗವಾಯಿತು. ಅದನ್ನು ಮೊದಲು ಮಾಡುತ್ತಿದ್ದದ್ದು ರೋಡಿಯಂ ಅನ್ನುವ ದುಬಾರಿ ಲೋಹ, ಜಾಸ್ತಿ ಒತ್ತಡದ ಹೈಡ್ರೋಜನ್ ಬಳಸಿ. ಆಮೇಲೆ ಒಂದು ಬ್ಯಾಕ್ಟೀರಿಯಾ ಕಿಣ್ವ ತೆಗೆದುಕೊಂಡರು. ಅದಕ್ಕೆ ಈ ಅಣು ಹಿಡಿಸುತ್ತಲೇ ಇರಲಿಲ್ಲ, ಜಾಗ ಸಾಲದು. ಅದರ ಜೀನಿನಲ್ಲಿ ತಿದ್ದುತ್ತಾ ತಿದ್ದುತ್ತಾ 27 ಕಡೆ ಬದಲಾಯಿಸಿದ ಮೇಲೆ ಕಿಣ್ವ ಒಗ್ಗಿತು. 2010ರ ಕೆಲಸ ಇದು. ಲೋಹ ಹೋಯಿತು, ಕಸ ಶೇಕಡ 19ರಷ್ಟು ಇಳಿಯಿತು. ಫ್ರಾನ್ಸಿಸ್ ಆರ್ನಾಲ್ಡ್ ಹೆಸರು ಕೇಳಿದ್ದೀರಿ, 2018ರ ನೊಬೆಲ್. ಅವರ ತಂಡ 2016ರಲ್ಲಿ ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯಾದ ಒಂದು ಪ್ರೋಟೀನನ್ನು ತಿದ್ದಿ ಕಾರ್ಬನ್ನಿಗೂ ಸಿಲಿಕಾನಿಗೂ ಬಂಧ ಹಾಕಿಸಿತು. ಯಾವ ಜೀವಿಯೂ ಮಾಡುವುದು ಕಂಡಿರದ ಬಂಧ ಅದು.

ಗದಗದವರು ಕೈ ಎತ್ತಿ? ಸರಿ, ಕಪ್ಪತಗುಡ್ಡ ಹತ್ತಿದವರು? ಅಲ್ಲಿನ ಗಿಡಮೂಲಿಕೆ ಬಗ್ಗೆ ನಾನು ನಿಮಗೆ ಹೇಳಬೇಕಾಗಿಲ್ಲ. ಚಿಕ್ಕವನಿದ್ದಾಗ ನೋಡಿದ್ದೇನೆ, ಬೇರು ಬೇಕಾದರೆ ಇಡೀ ಗಿಡ ಕೀಳಬೇಕು. ಮುಂದಿನ ವರ್ಷ ಆ ಜಾಗದಲ್ಲಿ ಗಿಡ ಇಲ್ಲ. ನನಗೆ ಆಗಿನಿಂದಲೂ ಸಂಕಟ ಅದು. ಈಗ ನಿತ್ಯಪುಷ್ಪದ ಕಥೆ ಕೇಳಿ. ಮನೆ ಮುಂದೆ, ಗುಡಿ ಮುಂದೆ ಇರುತ್ತದಲ್ಲ, ಐದು ಎಸಳಿನ ಗುಲಾಬಿ ಬಣ್ಣದ ಹೂವು. ಅದರ ಎಲೆಯಲ್ಲಿ ವಿನ್‌ಬ್ಲಾಸ್ಟಿನ್ ಇದೆ, ಕ್ಯಾನ್ಸರ್ ಔಷಧ. ಒಂದು ಗ್ರಾಂ ಬೇಕಾದರೆ ಸುಮಾರು 500 ಕಿಲೋ ಒಣ ಎಲೆ ಬೇಕು. ಗಿಡ ಅದನ್ನು ಮೂವತ್ತು ಹೆಜ್ಜೆಯಲ್ಲಿ ಮಾಡುತ್ತದೆ, ನಡುವಿನ ಕೆಲವು ಹೆಜ್ಜೆಯ ಕಿಣ್ವಗಳು ಎಷ್ಟೋ ವರ್ಷ ಸಿಕ್ಕಿರಲಿಲ್ಲ. ಯಾವ ಜೀನ್ ಯಾವುದರ ಜೊತೆ ಒಟ್ಟಿಗೆ ಚುರುಕಾಗುತ್ತದೆ ಅಂತ ನೋಡಿ ನೋಡಿ 2018ರ ಹೊತ್ತಿಗೆ ಕೊನೆಯವನ್ನು ಹಿಡಿದರು. 2022ರಲ್ಲಿ ಜೇ ಕೀಸ್ಲಿಂಗ್ ಅವರ ತಂಡ ಆ ಜೀನ್‌ಗಳನ್ನು ಯೀಸ್ಟಿಗೆ ಹಾಕಿ, ವಿನ್‌ಬ್ಲಾಸ್ಟಿನ್ನಿನ ಎರಡು ಅರ್ಧಗಳನ್ನು ಅದರಲ್ಲಿ ಬೆಳೆಸಿತು. ಎರಡನ್ನೂ ಜೋಡಿಸಿದ್ದು ಮಾತ್ರ ಫ್ಲಾಸ್ಕಿನಲ್ಲಿ. ಸಿಕ್ಕಿದ್ದು ಲೀಟರಿಗೆ ಮೈಕ್ರೋಗ್ರಾಂ ಲೆಕ್ಕ, ಬಹಳ ಕಡಿಮೆ. ಆದರೂ ಗಿಡ ಕೀಳದೆ ಮಾಡಬಹುದು ಅಂತ ಆಯಿತಲ್ಲ.

ಇದರ ಬೆನ್ನಿಗೇ ಒಂದು ಪ್ರಶ್ನೆ ಇದೆ, ಅದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಮೊದಲು ಗಿಡ ಒಯ್ಯಬೇಕಾದರೆ ಯಾರಾದರೂ ಬಂದು, ಗುಡ್ಡ ಹತ್ತಿ, ಊರವರನ್ನು ಕೇಳಿ ಒಯ್ಯಬೇಕಿತ್ತು. ಈಗ ಒಂದು ಎಲೆ ಓದಿ ಅಕ್ಷರಗಳನ್ನು ಕಂಪ್ಯೂಟರಿಗೆ ಹಾಕಿದರೆ ಮುಗಿಯಿತು, ಪ್ರಪಂಚದಲ್ಲಿ ಯಾರು ಬೇಕಾದರೂ ಅಣು ಮಾಡಿಕೊಳ್ಳಬಹುದು. ಹಾಗಾದರೆ ಆ ಗಿಡ ಯಾವ ಕಾಯಿಲೆಗೆ ಅಂತ ನೂರಾರು ವರ್ಷ ನೆನಪಿಟ್ಟುಕೊಂಡು ಬಂದ ಊರಿನವರಿಗೆ ಏನು? ನಮ್ಮಲ್ಲಿ 2002ರ ಜೀವವೈವಿಧ್ಯ ಕಾಯ್ದೆ ಇದೆ, ಪಂಚಾಯಿತಿ ಮಟ್ಟದಲ್ಲಿ ಸಮಿತಿ ಇರಬೇಕು ಅಂತ ಅದರಲ್ಲೇ ಇದೆ. ಈ ಅಕ್ಷರಗಳಿಂದ ಲಾಭ ಮಾಡಿಕೊಂಡವರು ಪಾಲು ಕೊಡಬೇಕು ಅಂತ 2024ರಲ್ಲಿ ಕೊಲಂಬಿಯಾದ ಕ್ಯಾಲಿಯಲ್ಲಿ ದೇಶಗಳು ಒಂದು ನಿಧಿಗೆ ಒಪ್ಪಿದವು. ಕೊಡಲೇಬೇಕು ಅನ್ನುವ ಕಡ್ಡಾಯ ಇಲ್ಲ. ಕಡ್ಡಾಯ ಆಗಬೇಕು ಅನ್ನುವುದು ನನ್ನ ಅಭಿಪ್ರಾಯ.

ಔಷಧದ ಬಗ್ಗೆ ಒಂದೇ ಮಾತು ಹೇಳಿ ಹತ್ತಿಗೆ ಬರುತ್ತೇನೆ. ನಮ್ಮ ಕಾಕಾಗೆ ಹೃದಯಕ್ಕೆ ಸ್ಟೆಂಟ್ ಹಾಕಿದಾಗ ಕ್ಲೋಪಿಡೋಗ್ರೆಲ್ ಬರೆದುಕೊಟ್ಟಿದ್ದರು. ಈ ಮಾತ್ರೆ ಹಾಗೇ ಕೆಲಸ ಮಾಡುವುದಿಲ್ಲ. ಲಿವರಿನ ಒಂದು ಕಿಣ್ವ ಅದನ್ನು ಬದಲಾಯಿಸಬೇಕು, ಆಮೇಲೆಯೇ ಅದು ಔಷಧ. ಆ ಕಿಣ್ವದ ಜೀನ್ ಕೆಲವರಲ್ಲಿ ಮಂದ. ಯುರೋಪಿನವರಿಗಿಂತ ನಮ್ಮ ದಕ್ಷಿಣ ಏಷ್ಯಾದ ಜನರಲ್ಲಿ ಇದು ಜಾಸ್ತಿ. ಅಮೆರಿಕದಲ್ಲಿ 2010ರಿಂದಲೇ ಔಷಧದ ಮಾಹಿತಿ ಹಾಳೆಯಲ್ಲಿ ಚೌಕಟ್ಟು ಕಟ್ಟಿ ಎಚ್ಚರಿಕೆ ಹಾಕಿದ್ದಾರೆ. ನಮ್ಮ ದೇಶದವರ ಜೀನೋಮನ್ನೇ ಓದಬೇಕು ಅನ್ನುವುದಕ್ಕೆ ಇದೇ ಕಾರಣ, ಜೀನೋಮ್ ಇಂಡಿಯಾ ಯೋಜನೆಯಲ್ಲಿ 10,000 ಭಾರತೀಯರದ್ದು ಓದಿದ್ದಾರೆ. ಇಲ್ಲಿ ಕೂತವರಲ್ಲಿ ಯಾರಾದರೂ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ದಯವಿಟ್ಟು ನನ್ನ ಮಾತು ಕೇಳಿ ನಿಲ್ಲಿಸಬೇಡಿ, ಡಾಕ್ಟರ ಹತ್ತಿರ ಕೇಳಿ.

ಹತ್ತಿ. ಧಾರವಾಡದಲ್ಲಿ ನಿಂತು ಹತ್ತಿ ಬಿಟ್ಟು ಮಾತಾಡಿದರೆ ತಪ್ಪಾಗುತ್ತದೆ. 1972ರಲ್ಲಿ ವರಲಕ್ಷ್ಮಿ ಹೈಬ್ರಿಡ್ ಹತ್ತಿ ಬಂದಿದ್ದು ಇದೇ ಊರಿನಿಂದ, ಹತ್ತಿ ತಳಿ ವಿಜ್ಞಾನಿ ಕಟರಕಿಯವರ ಕೆಲಸ. ನಮ್ಮ ಮನೆಯಲ್ಲಿ ಅವ್ವ ರಾತ್ರಿ ಹತ್ತಿಕಾಳು ನೆನೆಹಾಕುತ್ತಿದ್ದಳು. ಬೆಳಿಗ್ಗೆ ಒರಳಿನಲ್ಲಿ ರುಬ್ಬಿದರೆ ಬೆಳ್ಳಗೆ ಹಾಲು ಬರುತ್ತದೆ, ಎಮ್ಮೆಗೆ ಇಟ್ಟರೆ ಸಂಜೆ ಹಾಲಿನ ಕೆನೆ ಗಟ್ಟಿ. ವಾಸನೆ ಚೆನ್ನಾಗಿರುತ್ತದೆ ಅಂತ ಒಂದು ದಿನ ನಾನು ಬೆರಳು ಅದ್ದಿ ಬಾಯಿಗೆ ಇಡಲು ಹೋದೆ. ಅವ್ವ ಕೈ ಮೇಲೆ ಹೊಡೆದಳು. "ಅದು ಎಮ್ಮಿಗಿ, ನಮಗಲ್ಲ" ಅಂದಳು. ಯಾಕೆ ಅಂತ ಅವಳಿಗೂ ಗೊತ್ತಿರಲಿಲ್ಲ, ಅವಳ ಅವ್ವ ಹೇಳಿದ್ದು ಅಷ್ಟೇ.

ಕಾರಣ ಗಾಸಿಪಾಲ್. ಹತ್ತಿಕಾಳನ್ನು ಬ್ಲೇಡಿನಿಂದ ಅಡ್ಡಡ್ಡ ಸೀಳಿದರೆ ಒಳಗೆ ಕೆನೆಬಣ್ಣದ ತಿರುಳು, ಅದರ ತುಂಬ ಸಾಸಿವೆಗಿಂತ ಎಷ್ಟೋ ಚಿಕ್ಕ ಕಪ್ಪು ಚುಕ್ಕೆ. ಕರಿಮೆಣಸಿನ ಪುಡಿ ಉದುರಿಸಿದ ಹಾಗೆ ಕಾಣುತ್ತದೆ. ಒಂದೊಂದು ಚುಕ್ಕೆಯೂ ಗಾಸಿಪಾಲ್ ತುಂಬಿದ ಗ್ರಂಥಿ. ಹುಳ ತಿನ್ನದಿರಲಿ ಅಂತ ಗಿಡ ಮಾಡಿಕೊಂಡ ವಿಷ. ಎಮ್ಮೆಯ ಹೊಟ್ಟೆಯ ಮೊದಲ ಕೋಣೆಯಲ್ಲಿ ಅದು ಪ್ರೋಟೀನಿಗೆ ಅಂಟಿಕೊಂಡು ನಿರುಪದ್ರವಿ ಆಗುತ್ತದೆ, ಮಿತಿಯಲ್ಲಿ ತಿಂದರೆ ಎಮ್ಮೆಗೆ ತೊಂದರೆ ಇಲ್ಲ. ಮನುಷ್ಯರಿಗೆ, ಕೋಳಿಗೆ, ಹಂದಿಗೆ ಆಗದು. ಲೆಕ್ಕ ನೋಡಿ, ಒಂದು ಕಿಲೋ ಅರಳೆ ಬಂದರೆ ಅದರ ಜೊತೆ ಸುಮಾರು 1.65 ಕಿಲೋ ಕಾಳು ಬರುತ್ತದೆ, ಆ ಕಾಳಿನಲ್ಲಿ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಪ್ರೋಟೀನ್. ಒಂದು ಅಣುವಿನ ದೆಸೆಯಿಂದ ಅಷ್ಟೂ ಪ್ರೋಟೀನ್ ಮನುಷ್ಯರ ತಟ್ಟೆಗೆ ಬರುವುದಿಲ್ಲ.

1950ರ ದಶಕದಲ್ಲಿ ಚುಕ್ಕೆಯೇ ಇಲ್ಲದ ಹತ್ತಿ ಗಿಡ ಸಿಕ್ಕಿತ್ತು. ಎಲ್ಲರಿಗೂ ಖುಷಿ. ಹೊಲಕ್ಕೆ ಹಾಕಿದರೆ ಎಲೆಯಲ್ಲೂ ವಿಷ ಇಲ್ಲ, ಹುಳ ಬಂದು ಹೊಲ ಬೋಳಿಸಿದವು. ಅಲ್ಲಿಗೆ ಆ ದಾರಿ ಮುಚ್ಚಿತು. ಆಮೇಲೆ ಗಾಸಿಪಾಲ್ ಮಾಡುವ ಸಾಲಿನ ಮೊದಲ ಮುಖ್ಯ ಕಿಣ್ವದ ಜೀನ್ ಗೊತ್ತಾಯಿತು. ಟೆಕ್ಸಾಸ್‌ನಲ್ಲಿ ಕೀರ್ತಿ ರಾಠೋಡ್ ಅವರ ತಂಡ 2006ರಲ್ಲಿ ಆ ಜೀನನ್ನು ಕಾಳಿನಲ್ಲಿ ಮಾತ್ರ ಸುಮ್ಮನಿರಿಸಿತು. ಎಲೆಯಲ್ಲಿ, ಹೂವಿನಲ್ಲಿ ವಿಷ ಹಾಗೇ ಇದೆ, ಗಿಡಕ್ಕೆ ಕಾವಲು ಇದೆ. ಕಾಳಿನಲ್ಲಿ ಮಾತ್ರ ಬಹಳ ಕಡಿಮೆ. ಅಮೆರಿಕದಲ್ಲಿ 2018ರಲ್ಲಿ ಬೆಳೆಯಲು, 2019ರಲ್ಲಿ ತಿನ್ನಲು ಒಪ್ಪಿಗೆ ಸಿಕ್ಕಿತು. ಕುಲಾಂತರಿ ಬೇಕೋ ಬೇಡವೋ ಅನ್ನುವ ವಾದ ನಮ್ಮಲ್ಲಿ ನಡೆಯುತ್ತಲೇ ಇದೆ, ನಡೆಯಲಿ, ಬೀಜ ಯಾರ ಕೈಯಲ್ಲಿ ಇರುತ್ತದೆ ಅನ್ನುವುದು ಸಣ್ಣ ಪ್ರಶ್ನೆ ಅಲ್ಲ. ಆದರೆ ರಸಾಯನಶಾಸ್ತ್ರದ ಕಣ್ಣಿನಿಂದ ಮಾತ್ರ ನೋಡಿ. ಮೊದಲಾದರೆ ನಾವು ಕಾಳು ಅರೆದು, ದ್ರಾವಕ ಹಾಕಿ, ವಿಷ ತೊಳೆಯುತ್ತಿದ್ದೆವು. ಈಗ ವಿಷ ಹುಟ್ಟುವ ಜಾಗಕ್ಕೇ ಹೋಗಿ, ಈ ಕೋಣೆಯಲ್ಲಿ ಬೇಡ, ಆ ಕೋಣೆಯಲ್ಲಿ ಇರಲಿ ಅಂತ ಹೇಳಲು ಬರುತ್ತದೆ. ಅವ್ವ ಇದ್ದಿದ್ದರೆ ನಾನು ಇದನ್ನು ಅವಳಿಗೆ ಹೇಳುತ್ತಿದ್ದೆ.

ಕೊನೆಯಲ್ಲಿ ಒಂದಷ್ಟು ಪ್ರಶ್ನೆ ಬಂದವು. ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ಹುಡುಗ ಕೇಳಿದ: "ಸರ್, ಪ್ರೋಟೀನಿನ ಆಕಾರವನ್ನೂ ಈಗ ಕಂಪ್ಯೂಟರೇ ಹೇಳುತ್ತದೆ, 2024ರ ನೊಬೆಲ್ ಅದಕ್ಕೇ ಬಂತು. ಹಾಗಾದರೆ ನಾವು ಪ್ರಾಕ್ಟಿಕಲ್ ಯಾಕೆ ಕಲಿಯಬೇಕು?" ಆಲ್ಫಾಫೋಲ್ಡ್ ಅನ್ನುವ ಆ ತಂತ್ರಾಂಶ ಇಪ್ಪತ್ತು ಕೋಟಿ ಪ್ರೋಟೀನ್‌ಗಳ ಆಕಾರ ಊಹಿಸಿ ಎಲ್ಲರಿಗೂ ಪುಕ್ಕಟೆ ಕೊಟ್ಟಿದೆ, ನಿಜ. ನಾನು ಅವನಿಗೆ ಸಿಲಾಜಿಸಿನ್ನಿನ ಬಾಲ ನೆನಪಿಸಿದೆ. ಊಹೆ ಸರಿಯಾಗಿತ್ತು, ಅಣು ಸರಿಯಾಗಿತ್ತು, ಇಲಿಯಲ್ಲಿ ಮಾತ್ರ ಕೆಲಸ ಮಾಡಲಿಲ್ಲ. ಬಾಲ ಬದಲಾಯಿಸಬೇಕು ಅಂತ ಹೊಳೆದದ್ದು ಪ್ರಯೋಗ ಮಾಡಿ ಸೋತವರಿಗೆ. ಅವರ ಕೈಗೆ ಬೈಫಿನೈಲ್ ಜೋಡಿಸಲು ಬರುತ್ತಿತ್ತು.

ಇನ್ನೊಬ್ಬಳು, ಶಿಗ್ಗಾಂವಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಾಳಂತೆ, ಕೇಳಿದಳು: "ನಮ್ಮ ಲ್ಯಾಬಿನಲ್ಲಿ ಇಂಥ ಯಂತ್ರ ಒಂದೂ ಇಲ್ಲ. ನಾನು ಎಲ್ಲಿಂದ ಶುರು ಮಾಡಲಿ?" ಫೋನ್ ಇದೆಯಾ ಅಂದೆ. ಇದೆ ಅಂದಳು. ಓದಿದ ಜೀನೋಮ್‌ಗಳನ್ನು ಇಟ್ಟಿರುವ ಎನ್‌ಸಿಬಿಐ ಜಾಲತಾಣ ಪುಕ್ಕಟೆ, ಮೆಣಸಿನಕಾಯಿಯ ಜೀನೋಮ್ ಅಲ್ಲೇ ಇದೆ. ಬ್ಯಾಕ್ಟೀರಿಯಾದ ಜೀನೋಮ್ ಕೊಟ್ಟರೆ ಅಡುಗೆಮನೆಗಳನ್ನು ಹುಡುಕಿಕೊಡುವ ಆ್ಯಂಟಿಸ್ಮ್ಯಾಶ್ ಅನ್ನುವ ತಂತ್ರಾಂಶ 2011ರಿಂದ ಇದೆ, ಅದೂ ಪುಕ್ಕಟೆ. ಸೀಲಿಕಲರ್‌ನ ಜೀನೋಮನ್ನೇ ಮೊದಲು ಅದಕ್ಕೆ ಕೊಟ್ಟು ನೋಡು, ಜಿಯೋಸ್ಮಿನ್ ಎಲ್ಲಿದೆ ಹುಡುಕು, ಸಿಕ್ಕಿದ ಮೇಲೆ ಆ ಕಿಣ್ವ ಏನು ಮಾಡುತ್ತದೆ ಅಂತ ನಿನ್ನ ನೋಟ್‌ಬುಕ್ಕಿನಲ್ಲಿ ಬಾಣ ಎಳೆ ಅಂದೆ. ಒಂದು ಭಾನುವಾರ ಸಾಕು. ತಿಳಿಯದಿದ್ದರೆ ನಿಮ್ಮ ಮೇಡಂ ಇದ್ದಾರೆ.

ಹೊತ್ತಾಯಿತು. ಬಾಗಿಲ ಹತ್ತಿರದ ಮೇಜಿನ ಮೇಲೆ ಒಂದು ತಟ್ಟೆ ಹತ್ತಿಕಾಳು, ಬ್ಲೇಡು, ಎರಡು ಲೆನ್ಸು ಇಟ್ಟಿದ್ದೇನೆ. ಹೋಗುವಾಗ ಒಬ್ಬೊಬ್ಬರೂ ಒಂದು ಕಾಳು ಸೀಳಿ ಚುಕ್ಕೆ ನೋಡಿಕೊಂಡು ಹೋಗಿ, ಹಿಂದಿನ ಸಾಲಿನವರು ಮೊದಲು. ಮೆಣಸಿನಕಾಯಿಗಳೂ ಅಲ್ಲೇ ಇವೆ. ಮುಟ್ಟಿದವರು ಕೈ ತೊಳೆಯುವ ತನಕ ಕಣ್ಣು ಉಜ್ಜಿಕೊಳ್ಳಬೇಡಿ.